ಪ್ರವಾಸದ ಪಟ್ಟಿಯನ್ನು ಎಲ್ಲಿಂದ ಆರಂಭಿಸಬೇಕು?

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಕೋಶ ಓದಿಸುವುದಕ್ಕೆ ನಮ್ಮ ಕಾಲೇಜಿನಲ್ಲಿ ಗ್ರಂಥಾಲಯವಿದೆ, ಗುರುಗಳಿದ್ದಾರೆ, ಅದಕ್ಕೂ ಮೀರಿ ಪರೀಕ್ಷೆಯ ಭಯವಿದೆ. ದೇಶ ಸುತ್ತುವುದರ ಏರ್ಪಾಟನ್ನು ಮಾತ್ರ ಬಹುಮಟ್ಟಿಗೆ ವಿದ್ಯಾರ್ಥಿಗಳೇ ಮಾಡಿಕೊಳ್ಳಬೇಕು. ಗಾದೆಯನ್ನು ಕಟ್ಟಿದ ಪುಣ್ಯಾತ್ಮರು ಎಷ್ಟು ದಿನ ಸುತ್ತಬೇಕು, ಎಷ್ಟು ಹಣದಲ್ಲಿ ಸುತ್ತಬೇಕು, ಯಾರ ಸಂಗಡ ಸುತ್ತಬೇಕು ಎಂಬ ಮೂರು ಮಾತುಗಳನ್ನು ಹೇಳದೆಯೇ ಹೋಗಿಬಿಟ್ಟರು. ಈ ಮೂರರಲ್ಲಿ ಕೊನೆಯದೇ ಮೊದಲನೆಯದು ಎಂದು ನನಗೆ ಈಚೆಗೆ ತೋರಿದೆ. ಹೇಗೆ ತೋರಿತೆಂಬುದನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡುವುದಕ್ಕಾಗಿ ಈ ನಾಲ್ಕು ಮಾತು.

ಒಂದು ಸರಕಾರಿ ರಜೆ ಬಂದು ಶನಿವಾರ ರವಿವಾರಗಳ ಕೈಹಿಡಿಯಿತೆಂದರೆ ಸಾಕು, ನಮ್ಮ ತರಗತಿಯಲ್ಲಿ ಪಠ್ಯಪುಸ್ತಕಕ್ಕಿಂತ ಪಂಚಾಂಗಕ್ಕೆ ಹೆಚ್ಚು ಗೌರವ ದೊರೆಯುತ್ತದೆ. 2025ರ ಆಗಸ್ಟ್ 15 ಶುಕ್ರವಾರದಂದು ಬಂದಿತ್ತು. ಬೆಳಿಗ್ಗೆ ಧ್ವಜವಂದನೆ ಮುಗಿಸಿ ಬಸ್ಸು ಹತ್ತಿದರೆ ರವಿವಾರ ರಾತ್ರಿಯವರೆಗೆ ಎರಡೂವರೆ ದಿನ ಕೈಗೆ ಸಿಗುತ್ತದೆ ಎಂಬ ಲೆಕ್ಕವನ್ನು ಜುಲೈ ತಿಂಗಳಿನಲ್ಲಿಯೇ ಹಾಕಿದ್ದೆವು. ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಬಹಳ ಹೊತ್ತು ನಿಲ್ಲಲಿಲ್ಲ. ದೊಡ್ಡ ಊರು ಎಂದರೆ ನಮಗೆ ಹೈದರಾಬಾದು.

ಇದಕ್ಕೆ ಕಾರಣವಿದೆ. ಬೆಂಗಳೂರು ನಮ್ಮ ರಾಜಧಾನಿಯೇನೋ ಹೌದು; ಆದರೆ ಬಸವಕಲ್ಯಾಣದಿಂದ ಅದು 600 ಕಿಲೋಮೀಟರಿಗೂ ಮೀರಿದ ದೂರ. ಹುಮನಾಬಾದಿನಿಂದ ಹೈದರಾಬಾದು ಸುಮಾರು 150 ಕಿಲೋಮೀಟರು. ಬಸವಕಲ್ಯಾಣದಿಂದ ಇನ್ನೊಂದು ಮೂವತ್ತು ಸೇರಿಸಿಕೊಳ್ಳಬೇಕು. ಸೋಲಾಪುರದ ಕಡೆಯಿಂದ ಬರುವ 65ನೆಯ ರಾಷ್ಟ್ರೀಯ ಹೆದ್ದಾರಿ ಬಸವಕಲ್ಯಾಣದ ಹತ್ತಿರ ಹಾದು, ಹುಮನಾಬಾದನ್ನು ದಾಟಿ, ಜಹೀರಾಬಾದಿನ ಮಾರ್ಗವಾಗಿ ನೇರವಾಗಿ ಅಲ್ಲಿಗೇ ಹೋಗುತ್ತದೆ. ದಾರಿಗಿಂತ ಹಳೆಯದು ಸಂಬಂಧ. 1956ರ ನವೆಂಬರ್ 1ರವರೆಗೆ ನಮ್ಮ ಸೀಮೆಯ ರಾಜಧಾನಿ ಆ ಊರೇ ಆಗಿತ್ತು. ಅಂದು ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ಬೀದರ ಜಿಲ್ಲೆಯ ತಾಲೂಕುಗಳೂ ಮೂರು ಕಡೆ ಹಂಚಿಹೋದವು. ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆದರೂ 2019ರಲ್ಲಿ 'ಕಲ್ಯಾಣ ಕರ್ನಾಟಕ' ಎಂಬ ಹೆಸರು ಬರುವವರೆಗೂ ನಮ್ಮ ಪ್ರದೇಶದ ಹೆಸರಿನೊಳಗೇ ಆ ಊರು ಕುಳಿತಿತ್ತು. ಆಸ್ಪತ್ರೆಗೆ ಹೋಗುವವರೂ ಅಲ್ಲಿಗೇ, ಬಟ್ಟೆ ತರುವವರೂ ಅಲ್ಲಿಗೇ, ಮಳೆ ಕೈಕೊಟ್ಟ ವರ್ಷ ಕೂಲಿ ಹುಡುಕಿಕೊಂಡು ಗುಳೆ ಹೋಗುವವರೂ ಅಲ್ಲಿಗೇ. ಕಣ್ಣುತುಂಬ ನೋಡುವುದಕ್ಕೆಂದೇ ಹೋಗುವವರು ಮಾತ್ರ ಕಡಿಮೆ. ಆ ಕೊರತೆಯನ್ನು ತುಂಬುವ ಉತ್ಸಾಹ ನಮ್ಮದು.

ಸರಿ, ಪಟ್ಟಿ ಸಿದ್ಧವಾಯಿತು. ಕೈಯಲ್ಲಿ ಫೋನು ಇದ್ದ ಮೇಲೆ ಪಟ್ಟಿಗೆ ಏನು ಬರ? ಚಾರ್‌ಮಿನಾರ್, ಮಕ್ಕಾ ಮಸೀದಿ, ಚೌಮಹಲ್ಲಾ ಅರಮನೆ, ಸಾಲಾರ್‌ಜಂಗ್ ವಸ್ತುಸಂಗ್ರಹಾಲಯ, ಗೋಲ್ಕೊಂಡ ಕೋಟೆ, ಬಿರ್ಲಾ ಮಂದಿರ, ಹುಸೇನ್ ಸಾಗರ, ಅದರ ನಡುವಿನ ಬುದ್ಧ, ಪ್ರಾಣಿಸಂಗ್ರಹಾಲಯ, ಊರ ಹೊರಗಿನ ರಾಮೋಜಿ ಫಿಲ್ಮ್ ಸಿಟಿ, ಎರಡು ಮಾಲುಗಳು, ಮೆಟ್ರೋ ಸವಾರಿ. ಇದು ನೋಡುವ ಪಟ್ಟಿ. ತಿನ್ನುವ ಪಟ್ಟಿ ಇದಕ್ಕಿಂತ ಉದ್ದ: ಒಂದು ಕಡೆ ಬಿರಿಯಾನಿ, ಮತ್ತೊಂದು ಕಡೆ ಕಬಾಬು, ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು, ಡಬಲ್ ಕಾ ಮೀಠಾ, ಕೊನೆಯ ರಾತ್ರಿ ಗಾಜಿನ ಗೋಡೆಯ ಎತ್ತರದ ಹೋಟೆಲಿನಲ್ಲಿ ಒಂದು ಊಟ. ಎಲ್ಲವನ್ನೂ ಕೂಡಿಸಿದಾಗ ತಲೆಗೆ 4,000 ರೂಪಾಯಿ ಎಂದಾಯಿತು. ಕೂಡಿಸಿದವರು ಅರ್ಥಶಾಸ್ತ್ರದ ವಿದ್ಯಾರ್ಥಿಗಳೇ, ಕೂಡಿಸುವುದರಲ್ಲಿ ತಪ್ಪಾಗಲಿಲ್ಲ. ಕಳೆಯುವುದನ್ನು ಮಾತ್ರ ಯಾರೂ ನೆನೆಯಲಿಲ್ಲ.

ಪಟ್ಟಿ ಬರೆಯುವಾಗ ನಾವು ಹನ್ನೆರಡು ಮಂದಿ ಇದ್ದೆವು. ಅಂಕಿ ಹೊರಬಿದ್ದ ಮರುದಿನದಿಂದ ಒಬ್ಬೊಬ್ಬರಿಗೆ ಒಂದೊಂದು ಅಡಚಣೆ ಬಂದಿತು. ಒಬ್ಬನ ಹೊಲದಲ್ಲಿ ಹೆಸರು ಬಿಡಿಸುವ ಕೆಲಸ. ಒಬ್ಬನ ಅಕ್ಕನ ಮನೆಯಲ್ಲಿ ತೊಟ್ಟಿಲು. ಒಬ್ಬನಿಗೆ ಬಸ್ಸಿನ ಪ್ರಯಾಣ ಆಗದು. ನನ್ನ ಪಕ್ಕದ ಬೆಂಚಿನ ಗೆಳೆಯನ ಅಜ್ಜಿಗೆ ಆರೋಗ್ಯ ಸರಿಯಿಲ್ಲ. ಐದು ಮಂದಿ ಹೀಗೆ ಉದುರಿಹೋದರು. "ಬರದವರು ಬರದಿರಲಿ, ಬಿಡ್ರಿ" ಎಂದು ಉಳಿದವರು ಅಂದೆವು. ನಾನೂ ಅಂದೆ. ನಿಜ ಹೇಳಬೇಕೆಂದರೆ ನಾನೂ ಉದುರಬೇಕಾದವನೇ. ಅವ್ವ ತನ್ನ ಸ್ವಸಹಾಯ ಸಂಘದಲ್ಲಿ ಎರಡು ಸಾವಿರ ಸಾಲ ಎತ್ತಿ ಕೊಟ್ಟಿದ್ದರಿಂದ ಉಳಿದೆ. ನಮ್ಮ ತರಗತಿಯ ವಿದ್ಯಾರ್ಥಿನಿಯರ ಮಾತು ಬೇರೆ. ಅವರು ಉದುರಲಿಲ್ಲ, ಏಕೆಂದರೆ ಅವರನ್ನು ನಾವು ಕೇಳಿಯೇ ಇರಲಿಲ್ಲ.

ಆಗಸ್ಟ್ 15ರಂದು ಏಳು ಮಂದಿ ಬಸ್ಸು ಹತ್ತಿದೆವು. ಹಾಡು, ಹರಟೆ, ಕಿಟಕಿಯ ಸೀಟಿಗಾಗಿ ಜಗಳ ಎಲ್ಲವೂ ಇದ್ದವು. ಹುಮನಾಬಾದಿನಲ್ಲಿ ಬಸ್ಸು ನಿಂತಾಗ ರಸ್ತೆಯ ಪಕ್ಕದ ಒಂದು ಚಹಾದ ಹೋಟೆಲಿನಲ್ಲಿ ನನ್ನ ಬೆಂಚಿನ ಗೆಳೆಯ ಕಂಡ. ಒಂದು ಕೈಯಲ್ಲಿ ಆರು ಗ್ಲಾಸು ಹಿಡಿದುಕೊಂಡು ಒಂದು ಬಸ್ಸಿನ ಕಿಟಕಿಯಿಂದ ಇನ್ನೊಂದು ಬಸ್ಸಿನ ಕಿಟಕಿಗೆ ಹೋಗುತ್ತಿದ್ದ. ಮೂರು ದಿನದ ರಜೆ ನಮಗೆ ಪ್ರವಾಸವಾದರೆ ಅವನಿಗೆ ಮೂರು ದಿನದ ಪಗಾರ. ಅವನು ನಮ್ಮನ್ನು ನೋಡಿದ. ನಾನು ಕೈ ಎತ್ತಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅವನೇ ನಕ್ಕು, ಕೈಯೆತ್ತಿ, "ಹೋಗಿ ಬರ್ರಿ" ಎಂದ. ಬಸ್ಸು ಹೊರಟಿತು. ಜಹೀರಾಬಾದು ಬರುವವರೆಗೆ ನಮ್ಮಲ್ಲಿ ಯಾರೂ ಹಾಡಲಿಲ್ಲ. ಆ ಬಳಿಕ ಹಾಡಿದೆವು. ಮನುಷ್ಯನ ಸ್ವಭಾವವೇ ಹಾಗೆ.

ಇನ್ನು ನೋಡಿದ್ದರ ವರದಿ. ಊರು ಮುಟ್ಟಿದಾಗ ಮಧ್ಯಾಹ್ನ ಮೂರು. ಅಲ್ಲಿಂದ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯಕ್ಕೆ ಓಡಿದೆವು. ಬಾಗಿಲು ಮುಚ್ಚಿತ್ತು. ಶುಕ್ರವಾರ ಅದಕ್ಕೆ ರಜೆಯೆಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಪದವಿಯ ಕೊನೆಯ ವರ್ಷದವರಾದ ನಮಗೆ ಗೊತ್ತಿರಲಿಲ್ಲ. ಚೌಮಹಲ್ಲಾ ಅರಮನೆಗೂ ಶುಕ್ರವಾರವೇ ರಜೆ. ಶನಿವಾರ ಊರ ಪೂರ್ವಕ್ಕೆ ಸುಮಾರು 30 ಕಿಲೋಮೀಟರು ದೂರದ ಫಿಲ್ಮ್ ಸಿಟಿಗೆ ಹೋದೆವು. ಪ್ರವೇಶಕ್ಕೆ ಸಾವಿರ ರೂಪಾಯಿಗೂ ಮೀರಿ ಕೊಡಬೇಕಾದುದರಿಂದ, ಕೊಟ್ಟ ಹಣ ತೀರುವವರೆಗೂ ಹೊರಗೆ ಬರಲು ಮನಸ್ಸಾಗದೆ, ಇಡೀ ದಿನ ಅಲ್ಲೇ ಕಳೆಯಿತು. ರವಿವಾರ ಬೆಳಿಗ್ಗೆ ಬಿರ್ಲಾ ಮಂದಿರ, ಆಮೇಲೆ ಮಾಲು, ನಡುವೆ ಊಟಕ್ಕೆ ಸಾಲಿನಲ್ಲಿ ನಿಂತದ್ದು ಒಂದೂವರೆ ಗಂಟೆ. ಸಂಜೆ ಚಾರ್‌ಮಿನಾರಿನ ಮುಂದೆ ಇಪ್ಪತ್ತು ನಿಮಿಷ ನಿಂತು ಫೋಟೋ ತೆಗೆದು ಬಸ್ಸಿಗೆ ಓಡಿದೆವು. ಗೋಲ್ಕೊಂಡಕ್ಕೆ ಸಮಯ ಸಾಲಲಿಲ್ಲ. ಹನ್ನೆರಡು ಸ್ಥಳಗಳ ಪಟ್ಟಿಯಲ್ಲಿ ನಾವು ನಿಜವಾಗಿ ನೋಡಿದ್ದೆಂದರೆ ವಾಹನಗಳ ಹಿಂಭಾಗ.

ಮನೆಗೆ ಬಂದ ಮೇಲೆ ಅವ್ವನಿಗೆ ಫೋಟೋ ತೋರಿಸಿದೆ. ಅವ್ವ ಮದುವೆಯಾದ ಮೇಲೆ ಮೂರು ಬೇಸಿಗೆ ಹೈದರಾಬಾದಿನ ಪಶ್ಚಿಮ ದಿಕ್ಕಿನಲ್ಲಿ ಕಟ್ಟಡದ ಕೆಲಸ ಮಾಡಿ ಬಂದವಳು. "ಚಾರ್‌ಮಿನಾರ್ ನೀನೂ ನೋಡೀದಿ ಅಲ್ಲ, ಅವ್ವ?" ಎಂದೆ.

"ನೋಡೀನಿ, ದೂರಿಂದ. ಸಿಮೆಂಟಿನ ಚೀಲದ ಸಂಗಟ ಲಾರ್ಯಾಗ ಹೋಗೂಮುಂದ ಒಮ್ಮಿ ಕಂಡಿತ್ತು."

"ಇಳದು ನೋಡಬಾರದಿತ್ತೇನು?"

"ಇಳದ್ರ ಅರ್ಧ ದಿನದ ಪಗಾರ ಹೋಗ್ತಿತ್ತು. ಇರ್ಲಿ, ನೀ ನೋಡೀದಿ ಅಲ್ಲ."

ನಾನು ನೋಡಿದ್ದು ಇಪ್ಪತ್ತು ನಿಮಿಷ ಎಂದು ಹೇಳಲು ಬಾಯಿ ಬರಲಿಲ್ಲ.

ಇಷ್ಟು ಪೀಠಿಕೆಯಾಯಿತು, ಇನ್ನು ನನ್ನ ಅಭಿಪ್ರಾಯ. ಪ್ರವಾಸದ ಪಟ್ಟಿಯನ್ನು ನಾವು ಸ್ಥಳಗಳಿಂದ ಆರಂಭಿಸಿದೆವು; ಅದೇ ಮೊದಲ ತಪ್ಪು. ಪಟ್ಟಿಯ ತಲೆಯಲ್ಲಿ ಬರತಕ್ಕದ್ದು ಸ್ಥಳವಲ್ಲ, ಊಟವೂ ಅಲ್ಲ, ಹೋಗುವವರ ಹೆಸರುಗಳು. ತರಗತಿಯಲ್ಲಿ ಎಷ್ಟು ಮಂದಿ ಇದ್ದೇವೆಯೋ ಅಷ್ಟೂ ಹೆಸರು ಬರೆದು, ಇವರೆಲ್ಲರೂ ಹೋಗಿ ಬರುವುದು ಹೇಗೆ ಎಂದು ಕೇಳಿಕೊಂಡರೆ ಉಳಿದ ಪಟ್ಟಿ ತಾನಾಗಿಯೇ ಸರಿಯಾಗುತ್ತದೆ. ಹಣ ಕಡಿಮೆಯಾಗುತ್ತದೆ, ಸ್ಥಳ ಕಡಿಮೆಯಾಗುತ್ತದೆ, ಆದುದರಿಂದ ನೋಡುವುದು ಹೆಚ್ಚಾಗುತ್ತದೆ. ಇದು ಕೇಳುವುದಕ್ಕೆ ವಿಚಿತ್ರವಾಗಿ ತೋರಬಹುದು. ಲೆಕ್ಕ ಹಾಕಿ ನೋಡಿದರೆ ವಿಚಿತ್ರವೇನೂ ಇಲ್ಲ.

ಮೊದಲು ಹಣದ ಮಾತು. ಬಡತನವನ್ನು ಬಾಯಿಬಿಟ್ಟು ಹೇಳುವುದು ಇಪ್ಪತ್ತರ ಹರೆಯದಲ್ಲಿ ಬಹಳ ಕಷ್ಟ. ಅಜ್ಜಿಗೆ ಕಾಯಿಲೆ ಎಂದು ಹೇಳುವುದು ಸುಲಭ. ಆದುದರಿಂದ ಯಾರ ಬಾಯಿಯನ್ನೂ ಬಿಡಿಸದ ಒಂದು ಉಪಾಯ ಮಾಡಬೇಕು. ಪ್ರತಿಯೊಬ್ಬರೂ ತಾವು ತರಬಲ್ಲ ಮೊತ್ತವನ್ನು, ಹೆಸರು ಹಾಕದೆ, ಒಂದು ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿ ಹಾಕಲಿ. ಚೀಟಿಗಳಲ್ಲಿ ಅತಿ ಸಣ್ಣ ಅಂಕಿ ಯಾವುದೋ ಅದೇ ಎಲ್ಲರ ಪ್ರವಾಸದ ಅಂಕಿ. 1,500 ಬಂದರೆ ಅದರೊಳಗೆ ಎರಡು ದಿನ. ಸಾವಿರ ಬಂದರೆ ಒಂದೇ ರಾತ್ರಿ. ಮೂರು ದಿನವೇ ಆಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಒಂದು ಚೀಟಿಯಲ್ಲಿ ಸೊನ್ನೆ ಬಂದರೆ ಏನು ಮಾಡುವುದು ಎಂದು ಕೇಳಬಹುದು. ಆ ಚೀಟಿಯ ಭಾರವನ್ನು ಉಳಿದವರು ಹಂಚಿಕೊಳ್ಳುವುದು, ಅದು ಯಾರದೆಂದು ಹುಡುಕದಿರುವುದು. ದಾಸೋಹವನ್ನು ಲೋಕಕ್ಕೆ ಕಲಿಸಿದ ಊರಿನಲ್ಲಿ ಓದುತ್ತೇವೆ. ಅದನ್ನು ಭಾಷಣ ಸ್ಪರ್ಧೆಗಷ್ಟೇ ಇಟ್ಟುಕೊಂಡರೆ ಹೇಗೆ?

ಎರಡನೆಯದು ಸಮಯದ ಮಾತು. ದೊಡ್ಡ ಊರಿನಲ್ಲಿ ದೂರವನ್ನು ಕಿಲೋಮೀಟರಿನಿಂದ ಅಳೆಯಬಾರದು, ಗಂಟೆಯಿಂದ ಅಳೆಯಬೇಕು. ದಿನಕ್ಕೆ ಒಂದೇ ದಿಕ್ಕು ಎಂಬುದು ನಮ್ಮ ನಿಯಮವಾಗಲಿ. ನಮ್ಮ ಬಸ್ಸುಗಳು ಹೋಗಿ ನಿಲ್ಲುವ ಮಹಾತ್ಮಾ ಗಾಂಧಿ ಬಸ್ ನಿಲ್ದಾಣ ಮೂಸಿ ನದಿಯ ಬಳಿಯಲ್ಲೇ ಇದೆ. ಸಾಲಾರ್‌ಜಂಗ್ ಸಂಗ್ರಹಾಲಯ, 1591ರಲ್ಲಿ ಮೊಹಮ್ಮದ್ ಕುಲಿ ಕುತುಬ್ ಷಹಾ ಕಟ್ಟಿಸಿದ ಚಾರ್‌ಮಿನಾರ್, ಅದರ ಪಕ್ಕದ ಮಕ್ಕಾ ಮಸೀದಿ, ಚೌಮಹಲ್ಲಾ ಅರಮನೆ ಇವೆಲ್ಲವೂ ಅಲ್ಲಿಂದ ಕಾಲ್ನಡಿಗೆಯ ಹರವಿನಲ್ಲಿಯೇ ಇವೆ. ನಮ್ಮ ಹಳ್ಳಿಗಳಿಂದ ಕಾಲೇಜಿಗೆ ಬರಲು ನಮ್ಮಲ್ಲಿ ಕೆಲವರು ಇದಕ್ಕಿಂತ ಹೆಚ್ಚು ನಡೆಯುತ್ತಾರೆ. ಸಾಲಾರ್‌ಜಂಗ್ ಒಂದಕ್ಕೇ ಅರ್ಧ ದಿನ ಬೇಕು. ಮೂರನೆಯ ಸಾಲಾರ್ ಜಂಗ್ ಎನಿಸಿದ ಮೀರ್ ಯೂಸುಫ್ ಅಲಿ ಖಾನರು ಬಾಳಿನುದ್ದಕ್ಕೂ ಕೂಡಿಹಾಕಿದ ವಸ್ತುಗಳನ್ನು 1951ರಲ್ಲಿ ಸಾರ್ವಜನಿಕರಿಗೆ ತೆರೆದರು. ಈಗಿನ ಕಟ್ಟಡಕ್ಕೆ ಅದು ಬಂದದ್ದು 1968ರಲ್ಲಿ. ಮುಸುಕು ಹೊದ್ದ ರೆಬೆಕ್ಕಳ ಅಮೃತಶಿಲೆಯ ಮೂರ್ತಿ ಅಲ್ಲಿದೆ. ಕಲ್ಲಿನಲ್ಲಿ ತೆಳುಬಟ್ಟೆಯನ್ನು ತೋರಿಸಿದ ಇಟಲಿಯ ಶಿಲ್ಪಿ ಬೆನ್ಜೋನಿಯ ಕೈಚಳಕವದು. ಗಂಟೆಗೊಮ್ಮೆ ಒಬ್ಬ ಪುಟ್ಟ ಬೊಂಬೆಯಾಳು ಹೊರಬಂದು ಜಾಗಟೆ ಬಾರಿಸುವ ಗಡಿಯಾರವೂ ಅಲ್ಲಿದೆ. ಅದರ ಮುಂದೆ ಶ್ರೀಮಂತರೂ ಬಡವರೂ ಒಂದೇ ನೆಲದ ಮೇಲೆ ಕುಳಿತು ಕಾಯುತ್ತಾರಂತೆ.

ವಾರದ ದಿನವನ್ನು ಮರೆತರೆ ನಮಗಾದ ಗತಿಯೇ ಆಗುತ್ತದೆ. 2026ರ ಅಕ್ಟೋಬರ್ 2 ಮತ್ತೆ ಶುಕ್ರವಾರವೇ ಬರುತ್ತದೆ. ನಮ್ಮ ಹಿಂದಿನ ತರಗತಿಯವರು ಪಂಚಾಂಗ ಬಿಚ್ಚುವುದು ಖಂಡಿತ. ಅವರಿಗೆ ನನ್ನ ಸಲಹೆ ಇದು. ಶುಕ್ರವಾರ ಮಧ್ಯಾಹ್ನ ಗೋಲ್ಕೊಂಡ. ಅದಕ್ಕೆ ವಾರದ ರಜೆಯಿಲ್ಲ. ಶನಿವಾರ ಸಂಗ್ರಹಾಲಯ, ಅರಮನೆ, ಚಾರ್‌ಮಿನಾರ್. ರವಿವಾರ ಬೆಳಿಗ್ಗೆ ಆಬಿಡ್ಸ್ ರಸ್ತೆಯ ಪಕ್ಕದಲ್ಲಿ ಹರಡುವ ಹಳೆಯ ಪುಸ್ತಕಗಳ ಸಂತೆ, ಸಂಜೆ ಹುಸೇನ್ ಸಾಗರದ ಏರಿ, ಆಮೇಲೆ ಬಸ್ಸು. ಫಿಲ್ಮ್ ಸಿಟಿಯನ್ನೂ ಮಾಲನ್ನೂ ಪಟ್ಟಿಯಿಂದ ಹೊಡೆದು ಹಾಕಿ. ಅವು ಕೆಟ್ಟವೆಂದಲ್ಲ. ಕೈಯಲ್ಲಿ ಸಂಬಳವಿದ್ದಾಗ ಹೋಗುವ ಸ್ಥಳಗಳು ಅವು; ಎಲ್ಲಿಗೂ ಓಡಿಹೋಗುವುದಿಲ್ಲ.

ಮೂರನೆಯದು ಊಟದ ಮಾತು. ನಮ್ಮ ತರಗತಿಯಲ್ಲಿ ಮಾಂಸ ಮುಟ್ಟದವರಿದ್ದಾರೆ, ಮಾಂಸವಿಲ್ಲದೆ ಹಬ್ಬವಿಲ್ಲ ಎನ್ನುವವರಿದ್ದಾರೆ, ಹಲಾಲ್ ಕೇಳಿಯೇ ಕೂರುವವರಿದ್ದಾರೆ. ನಮ್ಮ ಪ್ರವಾಸದಲ್ಲಿ ಏಳು ಮಂದಿ ಮೂರು ಹೋಟೆಲುಗಳಿಗೆ ಚದುರಿ ಉಂಡು, ಒಬ್ಬರನ್ನೊಬ್ಬರು ಹುಡುಕುವುದರಲ್ಲಿ ಅರ್ಧ ಸಂಜೆ ಕಳೆದೆವು. ಎಲ್ಲರಿಗೂ ಅವರವರ ಊಟ ಸಿಗುವ, ಎಲ್ಲರೂ ಒಂದೇ ಮೇಜಿಗೆ ಕೂಡಬಹುದಾದ ಸಾಧಾರಣ ಹೋಟೆಲು ಆ ಊರಿನಲ್ಲಿ ಬೇಕಾದಷ್ಟಿವೆ. ಹೆಸರುವಾಸಿಯಾದದ್ದೇ ಬೇಕೆಂಬ ಹಟ ಬಿಡಬೇಕು, ಅಷ್ಟೆ. ಮೊದಲ ದಿನಕ್ಕೆ ಮನೆಯ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬುತ್ತಿಯ ಗಂಟು ಇರಲಿ. ಕೆರೆಯ ಏರಿಯ ಮೇಲೆ ಕುಳಿತು ಬಿಚ್ಚಿದರೆ ಅದಕ್ಕೆ ಸಮನಾದ ಭೋಜನವಿಲ್ಲ. ಉಳಿದ ಹಣದಲ್ಲಿ ಇರಾನಿ ಹೋಟೆಲಿನ ಚಹಾಕ್ಕೆ ಬಿಸ್ಕತ್ತು ಅದ್ದಿಕೊಂಡು ಎಷ್ಟು ಹೊತ್ತಾದರೂ ಹರಟಬಹುದು.

ಊಟದ ವಿಷಯ ಬಂದಾಗ ನಮ್ಮ ಊರಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಹೇಳಲೇಬೇಕು. ಹೈದರಾಬಾದಿನಲ್ಲಿ 'ಕಲ್ಯಾಣಿ ಬಿರಿಯಾನಿ' ಎಂಬುದೊಂದಿದೆ. ಎಮ್ಮೆಯ ಮಾಂಸದಿಂದ ಮಾಡುವ ಅದಕ್ಕೆ ಬಡವರ ಬಿರಿಯಾನಿ ಎಂದೇ ಹೆಸರು. ಆ ಕಲ್ಯಾಣಿ ಬೇರಾವುದೂ ಅಲ್ಲ, ನಮ್ಮ ಬಸವಕಲ್ಯಾಣವೇ. ನಿಜಾಮರ ಕಾಲದಲ್ಲಿ ನಮ್ಮ ಊರು ಕಲ್ಯಾಣಿ ಎಂಬ ಜಹಗೀರಾಗಿತ್ತು. ಅದರ ನವಾಬರು ಹೈದರಾಬಾದಿನಲ್ಲಿ ಒಂದು ದೇವಡಿ ಕಟ್ಟಿಕೊಂಡಿದ್ದರು. ಜಹಗೀರಿನಿಂದ ಯಾವ ಪ್ರಜೆ ಕೆಲಸಕ್ಕೆಂದು ಆ ಊರಿಗೆ ಬಂದರೂ ದೇವಡಿಯಲ್ಲಿ ಅವನಿಗೆ ಈ ಬಿರಿಯಾನಿ ಬಡಿಸುತ್ತಿದ್ದರೆಂದೂ, ಜಹಗೀರು ಹೋದ ಮೇಲೆ ಅಲ್ಲಿಯ ಅಡಿಗೆಯವರು ಅದನ್ನು ಬೀದಿಗೆ ತಂದರೆಂದೂ ಹೇಳುವ ವಾಡಿಕೆ. ಅದನ್ನು ತಿನ್ನುವುದು ಬಿಡುವುದು ಅವರವರ ಮನಸ್ಸು. ನಾನು ಹೇಳಹೊರಟದ್ದು ರುಚಿಯನ್ನಲ್ಲ. ದೊಡ್ಡ ಊರಿಗೆ ಹೋದ ನಮ್ಮ ಸೀಮೆಯ ಬಡವನಿಗೂ ಅಲ್ಲಿ ಒಂದು ಎಲೆ ಹಾಕಿರಬೇಕು ಎಂಬ ಆ ರೀತಿಯನ್ನು. ನವಾಬರ ಮನೆಯವರಿಗೆ ತೋಚಿದ ಈ ಮಾತು ನಮ್ಮ 4,000 ರೂಪಾಯಿಯ ಪಟ್ಟಿಗೆ ತೋಚಲಿಲ್ಲ.

ಅದಕ್ಕೂ ಹಿಂದೆ ಹೋದರೆ ಈ ಊರೇ ದೊಡ್ಡ ಊರಾಗಿತ್ತು. ಚಾಲುಕ್ಯರ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಇಲ್ಲಿಂದ ಆಳಿದ. ಬಿಲ್ಹಣ ಕಾಶ್ಮೀರದಿಂದ ಹೊರಟು ಊರೂರು ಸುತ್ತಿ ಕೊನೆಗೆ ಬಂದು ಸೇರಿದ್ದು ಅವನ ಆಸ್ಥಾನವನ್ನು. ಅವನ ಮಗ ಮೂರನೆಯ ಸೋಮೇಶ್ವರನ ಹೆಸರಿನ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗವೆಂದು ಊಟಕ್ಕೇ ಮೀಸಲಾದ ಭಾಗವಿದೆ. ಉದ್ದಿನ ಇಡ್ಡಲಿಯ ಪೂರ್ವಜವೂ ಅಲ್ಲಿ ಬರುತ್ತದೆ. ಅದು ಅರಮನೆಯ ಊಟ. ಕೆಲವು ದಶಕಗಳ ಬಳಿಕ ಇದೇ ಊರಿನಲ್ಲಿ ಬಸವಣ್ಣನವರೂ ಶರಣರೂ ಅಗಸ, ಅಂಬಿಗ, ಸಮಗಾರ ಎನ್ನದೆ ಒಂದೇ ಪಂಕ್ತಿಯಲ್ಲಿ ಕುಳಿತರು. ಅದು ಮಹಾಮನೆಯ ಊಟ. ಎರಡೂ ನಮ್ಮ ಊರಿನವೇ. ಯಾವುದನ್ನು ನೆನಪಿಟ್ಟುಕೊಂಡು ಪ್ರವಾಸಕ್ಕೆ ಹೋಗಬೇಕೆಂಬುದಷ್ಟೇ ಪ್ರಶ್ನೆ.

ನನ್ನ ಈ ಅಭಿಪ್ರಾಯಕ್ಕೆ ಎರಡು ಆಕ್ಷೇಪಣೆಗಳು ಬರುವುದನ್ನು ಬಲ್ಲೆ. ಸರಕಾರಿ ಕಾಲೇಜಿನ ಮಕ್ಕಳಿಗೆ ಪ್ರವಾಸದ ಷೋಕಿ ಏಕೆ, ಆ ಹಣದಲ್ಲಿ ನಾಲ್ಕು ಪುಸ್ತಕ ಕೊಳ್ಳಬಾರದೆ ಎಂಬುದು ಒಂದು. ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಈ ಮಾತು ಹೆಚ್ಚಾಗಿ ಬೀಳುತ್ತದೆ. ನನ್ನ ಉತ್ತರವಿಷ್ಟೆ: ನಮ್ಮ ತಂದೆತಾಯಿಗಳು ಆ ಊರನ್ನು ಕಟ್ಟಿದ್ದಾರೆ, ಅದನ್ನು ನೋಡುವ ಹಕ್ಕು ಅವರಿಗೂ ಇತ್ತು, ನಮಗೂ ಇದೆ. ಕೂಲಿಗೆ ಹೋಗುವವರ ಮಕ್ಕಳು ದೊಡ್ಡ ಊರಿಗೆ ಕೂಲಿಗೇ ಹೋಗಬೇಕು, ನೋಡುವುದಕ್ಕೆ ಹೋಗಬಾರದು ಎಂಬ ನಿಯಮವನ್ನು ನಾವು ಒಪ್ಪತಕ್ಕದ್ದಲ್ಲ.

ಎರಡನೆಯ ಆಕ್ಷೇಪಣೆ: ಹಣವಿದ್ದವರು ತಮ್ಮ ಹಣದಲ್ಲಿ ತಮಗೆ ಬೇಕಾದಂತೆ ಹೋಗಲಿ, ಇಲ್ಲದವರಿಗಾಗಿ ಅವರೇಕೆ ಕಡಿಮೆ ಮಾಡಿಕೊಳ್ಳಬೇಕು? ಅಣ್ಣತಮ್ಮಂದಿರ ಸಂಗಡ, ನೆಂಟರ ಸಂಗಡ ಹೋಗುವಾಗ ಧಾರಾಳವಾಗಿ ಹಾಗೆಯೇ ಹೋಗಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ತರಗತಿಯ ಹೆಸರಿನಲ್ಲಿ ಹೋಗುವಾಗ ತರಗತಿ ಬಸ್ಸಿನಲ್ಲಿರಬೇಕು. ಮೂರು ವರ್ಷ ಒಂದೇ ಬೆಂಚಿನಲ್ಲಿ ಕುಳಿತವನು ಬಸ್ಸಿನ ಕಿಟಕಿಯ ಹೊರಗೆ ಚಹಾದ ಗ್ಲಾಸು ಹಿಡಿದು ನಿಂತರೆ ಒಳಗೆ ಕುಳಿತವರಿಗೂ ಪ್ರವಾಸ ದಕ್ಕುವುದಿಲ್ಲ. ಇದು ನೀತಿಪಾಠವಲ್ಲ, ಅನುಭವದ ಮಾತು.

ಗುರುಗಳಲ್ಲಿ ಎರಡು ವಿನಂತಿ. ಒಂದು, ಇಂತಹ ಪ್ರವಾಸಕ್ಕೆ ಉಪನ್ಯಾಸಕರಲ್ಲಿ ಒಬ್ಬರು ಪುರುಷರೂ ಒಬ್ಬರು ಮಹಿಳೆಯರೂ ಬರುವಂತಾಗಬೇಕು. ಆಗ ವಿದ್ಯಾರ್ಥಿನಿಯರನ್ನೂ ಮನೆಯವರು ಕಳಿಸಿಯಾರು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲ. ಹೈದರಾಬಾದಿನಂತಹ ಅಂತರರಾಜ್ಯ ಪ್ರಯಾಣಕ್ಕೆ ಅದು ನಡೆಯದು. ಆದುದರಿಂದ ಅವರ ಟಿಕೇಟನ್ನೂ ಲೆಕ್ಕದಲ್ಲಿ ಹಿಡಿಯಬೇಕು. ಇನ್ನೊಂದು, ಹೊರಡುವ ಮೊದಲು ಒಂದು ಗಂಟೆ ಆ ಊರಿನ ಪಾಠ ಹೇಳಬೇಕು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಕೊಂಡೊಯ್ದಿತು. ಅಂದು ಒಂದು ಹುಣಸೆಮರವನ್ನು ಏರಿ ಸುಮಾರು 150 ಮಂದಿ ಬದುಕಿಕೊಂಡರು. ಆ ಮರ ಈಗಲೂ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಮತ್ತೆ ಹಾಗಾಗದಂತೆ ಯೋಜನೆ ಹಾಕಿಕೊಟ್ಟವರು ನಮ್ಮ ವಿಶ್ವೇಶ್ವರಯ್ಯನವರು. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಬಸ್ ನಿಲ್ದಾಣದಿಂದ ನಡೆದುಹೋಗಿ ನೋಡಬಹುದಾದ ಆ ಮರಕ್ಕೆ ಟಿಕೇಟಿಲ್ಲ. ನಾವು ಅದರ ಹತ್ತಿರವೇ ಹಾದುಹೋದೆವು, ಗೊತ್ತಿಲ್ಲದ್ದರಿಂದ ನೋಡಲಿಲ್ಲ.

ಇಷ್ಟೆಲ್ಲಕ್ಕೂ ಮುನ್ನ ಒಂದು ಸಣ್ಣ ತಾಲೀಮು ಮಾಡಿಕೊಳ್ಳಬಹುದು. ಹುಮನಾಬಾದ ತಾಲೂಕಿನ ಜಲಸಂಗ್ವಿಯ ಚಾಲುಕ್ಯರ ಗುಡಿಯಲ್ಲಿ ಶಾಸನ ಬರೆಯುತ್ತಿರುವ ಸುಂದರಿಯ ಶಿಲ್ಪವಿದೆ. ವಿದ್ಯೆ ಕಲಿತ ಹೆಣ್ಣನ್ನು ಒಂಬೈನೂರು ವರ್ಷಗಳ ಹಿಂದೆ ಕಲ್ಲಿನಲ್ಲಿ ನಿಲ್ಲಿಸಿದ ಊರು ನಮ್ಮ ಪಕ್ಕದಲ್ಲಿದೆ. ಒಂದು ರವಿವಾರ ಬುತ್ತಿ ಕಟ್ಟಿಕೊಂಡು ಇಡೀ ತರಗತಿ ಅಲ್ಲಿಗೆ ಹೋಗಿಬಂದರೆ, ಎಲ್ಲರೂ ಕೂಡಿ ಹೋಗುವುದು ಹೇಗೆಂಬ ಪಾಠ ಆಗುತ್ತದೆ. ಆಮೇಲೆ ಹೈದರಾಬಾದು.

ಕಾಲೇಜು ಮತ್ತೆ ಆರಂಭವಾದ ದಿನ ನನ್ನ ಬೆಂಚಿನ ಗೆಳೆಯ ಎಂದಿನಂತೆಯೇ ಬಂದು ಕುಳಿತ. ಅಜ್ಜಿಯ ಮಾತನ್ನು ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಚರಿತ್ರೆಯ ಪುಸ್ತಕ ತೆಗೆಯುತ್ತ ಒಂದೇ ಪ್ರಶ್ನೆ ಕೇಳಿದ: "ಗೋಲ್ಕೊಂಡದ ಬಾಗಲದಾಗ ಚಪ್ಪಾಳಿ ತಟ್ಟಿದ್ರ ಮ್ಯಾಲ ಗುಡ್ಡದ ತುದಿಗಿ ಕೇಳಸ್ತದಂತ, ಖರೇ ಏನು?"

ಫತೇ ದರವಾಜದ ಗುಮ್ಮಟದ ಕೆಳಗೆ ತಟ್ಟಿದ ಚಪ್ಪಾಳೆ ಸುಮಾರು ಒಂದು ಕಿಲೋಮೀಟರು ದೂರದ ಬಾಲಾ ಹಿಸಾರಿನ ಮೇಲೆ ಕೇಳುತ್ತದೆಂದು ಪುಸ್ತಕದಲ್ಲಿ ಓದಿದ್ದೆ. 4,000 ರೂಪಾಯಿ ಖರ್ಚು ಮಾಡಿ ಬಂದಿದ್ದರೂ, ಕೇಳಿದ್ದೇನೆ ಎಂದು ಹೇಳುವಂತಿರಲಿಲ್ಲ. ಅಲ್ಲದೆ ಅದನ್ನು ಒಬ್ಬನೇ ಪರೀಕ್ಷಿಸಲೂ ಬಾರದು. ತಟ್ಟುವವನೊಬ್ಬ ಕೆಳಗೆ ನಿಲ್ಲಬೇಕು, ಕೇಳುವವನೊಬ್ಬ ಮೇಲೆ ನಿಲ್ಲಬೇಕು. ಪರೀಕ್ಷೆ ಮುಗಿದ ಮೇಲೆ ನಾವಿಬ್ಬರೂ ಹೋಗುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ಚೀಟಿ ಬರೆದಾಗಿದೆ, ಸಣ್ಣ ಅಂಕಿ 900. ಬರುವವರಿದ್ದರೆ ಹೆಸರು ಕೊಡಬಹುದು.